‘ಮಿಸೆಸ್ ಡ್ಯಾಲೊವೇ’ ಕಾದಂಬರಿಯಲ್ಲಿ ಒತ್ತಡ ಮತ್ತು ಆಘಾತ

೧

ವರ್ಜೀನಿಯ ವುಲ್ಫ್ ಅವರ ‘ಮಿಸೆಸ್ ಡ್ಯಾಲೊವೇ’ ಕಾದಂಬರಿ ಪ್ರಕಟವಾದುದು ೧೯೨೫ರ ಮೇ ತಿಂಗಳಿನಲ್ಲಿ. ಅಂದಿನಿಂದ ಈಚೆಗೆ ಅದರ ತಂತ್ರವನ್ನು ಕುರಿತು, ಪ್ರಜ್ಞಾಪ್ರವಾಹವೆಂದು ಹೆಸರಾದ ಅದರ ನಿರೂಪಣೆಯನ್ನು ಕುರಿತು ವಿಪುಲವಾದ ಚರ್ಚೆ ನಡೆದಿದೆ. ತರಗತಿಯ ಪಾಠಗಳಲ್ಲಿಯೂ ಹೆಚ್ಚಿನ ಗಮನ ಸಲ್ಲುವುದು ಈ ತಂತ್ರಕ್ಕೇ. ಇತಿಹಾಸದ ಅಧ್ಯಾಪಕರಾದ ನಾವು ಈ ಕೃತಿಯನ್ನು ಪ್ರವೇಶಿಸುವ ಬಾಗಿಲು ಬೇರೆ. ಇದು ಮೊದಲನೆಯ ಮಹಾಯುದ್ಧ ಮುಗಿದ ಐದು ವರ್ಷಗಳ ಬಳಿಕ, ೧೯೨೩ರ ಜೂನ್ ತಿಂಗಳ ಒಂದು ದಿನ, ಲಂಡನ್ ನಗರದಲ್ಲಿ ನಡೆಯುವ ಕಥೆ. ಆ ಒಂದು ದಿನದೊಳಗೆ ಇಬ್ಬರು ಅಪರಿಚಿತರ ಬಾಳು ಅಕ್ಕಪಕ್ಕದಲ್ಲಿ ಸಾಗುತ್ತದೆ. ಒಬ್ಬಳು ಪಾರ್ಲಿಮೆಂಟ್ ಸದಸ್ಯನ ಪತ್ನಿಯಾದ ಕ್ಲ್ಯಾರಿಸ ಡ್ಯಾಲೊವೇ. ವಯಸ್ಸು ಐವತ್ತೊಂದು ಕಳೆದಿದೆ. ಅಂದು ರಾತ್ರಿ ಆಕೆಯ ಮನೆಯಲ್ಲಿ ಔತಣ. ಇನ್ನೊಬ್ಬನು ಯುದ್ಧದಿಂದ ಮರಳಿದ ಸೈನಿಕ, ಮೂವತ್ತರ ಆಸುಪಾಸಿನ ಸೆಪ್ಟಿಮಸ್ ವಾರನ್ ಸ್ಮಿತ್. ಸಂಜೆಯ ವೇಳೆಗೆ ಅವನು ಕಿಟಕಿಯಿಂದ ಹಾರಿ ಪ್ರಾಣ ಬಿಡುತ್ತಾನೆ. ಇಬ್ಬರೂ ಒಮ್ಮೆಯೂ ಭೇಟಿಯಾಗುವುದಿಲ್ಲ. ಅವನ ಸಾವಿನ ಸುದ್ದಿ ಮಾತ್ರ ಅವಳ ಔತಣಕ್ಕೆ ಬಂದು ಮುಟ್ಟುತ್ತದೆ.

ಈ ಜೋಡಣೆಗೆ ವಾಡಿಕೆಯಲ್ಲಿರುವ ವ್ಯಾಖ್ಯಾನ ಒಂದುಂಟು: ಇಬ್ಬರೂ ಒಂದೇ ಮನಸ್ಸಿನ ಎರಡು ಮುಖಗಳು, ಆಧುನಿಕ ನಾಗರಿಕ ಜೀವನದ ಒತ್ತಡ ಇಬ್ಬರನ್ನೂ ಪೀಡಿಸುತ್ತದೆ, ಒಬ್ಬಳು ತಾಳಿಕೊಳ್ಳುತ್ತಾಳೆ, ಇನ್ನೊಬ್ಬನು ತಾಳಲಾರದೆ ಹೋಗುತ್ತಾನೆ. ಈಚಿನ ದಶಕಗಳಲ್ಲಿ ಮತ್ತೊಂದು ವ್ಯಾಖ್ಯಾನವೂ ಬಳಕೆಗೆ ಬಂದಿದೆ. ಅದರ ಪ್ರಕಾರ ಸೆಪ್ಟಿಮಸನು ‘ಪೋಸ್ಟ್ ಟ್ರಾಮ್ಯಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಎಂಬ ವ್ಯಾಧಿಯ ರೋಗಿ. ಕಾದಂಬರಿಯು ಅವನ ರೋಗಪತ್ರ. ಮೊದಲನೆಯ ವ್ಯಾಖ್ಯಾನ ಇಬ್ಬರ ನಡುವಣ ವ್ಯತ್ಯಾಸವನ್ನು ಕೇವಲ ಪ್ರಮಾಣದ ವ್ಯತ್ಯಾಸವನ್ನಾಗಿ ಮಾಡುತ್ತದೆ. ಎರಡನೆಯದು ವ್ಯತ್ಯಾಸವನ್ನು ಒಪ್ಪಿದರೂ ಕೃತಿಯನ್ನು ಕೈಬಿಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ನಿತ್ಯಜೀವನದ ಒತ್ತಡಕ್ಕೂ ಆಘಾತದ ತರುವಾಯ ಉಳಿಯುವ ಒತ್ತಡಕ್ಕೂ ಇರುವ ಭೇದ ಪ್ರಮಾಣದ್ದಲ್ಲ, ಜಾತಿಯದು. ಆ ಭೇದ ಮುಖ್ಯವಾಗಿ ಕಾಲಕ್ಕೆ ಸಂಬಂಧಪಟ್ಟದ್ದು. ವೈದ್ಯಶಾಸ್ತ್ರ ೧೯೮೦ರಲ್ಲಿ ಹೆಸರಿಟ್ಟು ಗುರುತಿಸಿದ ಈ ಭೇದವನ್ನು ವುಲ್ಫ್ ಅವರ ಕಾದಂಬರಿ ಅದಕ್ಕೆ ಐವತ್ತೈದು ವರ್ಷಗಳ ಹಿಂದೆಯೇ ಕಥನದ ಮೂಲಕ ಕಂಡುಕೊಂಡಿತ್ತೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಶಬ್ದಗಳನ್ನು ವಿಚಾರಿಸುವುದು ಯುಕ್ತ. ಕನ್ನಡದಲ್ಲಿ ಸ್ಟ್ರೆಸ್ ಎಂಬುದಕ್ಕೆ ಒತ್ತಡವೆಂಬ ಮಾತು ರೂಢವಾಗಿದೆ. ಟ್ರಾಮಾ ಎಂಬುದಕ್ಕೆ ಆಘಾತವೆನ್ನುತ್ತೇವೆ. ಒತ್ತುವುದು ಬೇರೆ, ಹೊಡೆಯುವುದು ಬೇರೆ. ಒತ್ತಿದ ಕೈಯನ್ನು ತೆಗೆದರೆ ಒತ್ತಿಸಿಕೊಂಡ ವಸ್ತು ಸಾಮಾನ್ಯವಾಗಿ ತನ್ನ ಆಕಾರಕ್ಕೆ ಮರಳುತ್ತದೆ. ಹೊಡೆತದ ಸಂಗತಿ ಹಾಗಲ್ಲ. ಹೊಡೆದ ಕೈ ಹಿಂದೆ ಸರಿದ ಮೇಲೆಯೂ ಗಾಯ ಉಳಿಯುತ್ತದೆ. ಭಾಷೆಯೇ ತೋರಿಸಿಕೊಡುವ ಈ ವಿವೇಕವನ್ನು ‘ಆಘಾತೋತ್ತರ ಒತ್ತಡ’ ಎಂಬ ಸಮಸ್ತಪದ ಸ್ವಲ್ಪ ಮಸುಕುಮಾಡುತ್ತದೆ. ಅದರಲ್ಲಿ ಒತ್ತಡವೇ ಪ್ರಧಾನಪದವಾಗಿ ಕುಳಿತಿರುವುದರಿಂದ, ಪರೀಕ್ಷೆಯ ಕಳವಳ, ಉದ್ಯೋಗದ ಚಿಂತೆ, ಸಾಲದ ಬಾಧೆ ಮೊದಲಾದವುಗಳ ಸಾಲಿನಲ್ಲಿ ಇದೂ ಒಂದು, ಆದರೆ ಹೆಚ್ಚು ತೀವ್ರವಾದದ್ದು, ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಹುಟ್ಟುವುದು ಸಹಜ. ಇಂದು ಸಾಮಾನ್ಯ ಬೇಸರಕ್ಕೂ ಟ್ರಾಮಾ ಎಂಬ ಹೆಸರನ್ನು ಅಂಟಿಸುವ ಪರಿಪಾಠಕ್ಕೆ ಈ ಭಾವನೆಯೂ ಒಂದು ಕಾರಣ.

ಇತಿಹಾಸದ ದೃಷ್ಟಿಯಿಂದ ನೋಡಿದರೆ ಈ ಎರಡು ಕಲ್ಪನೆಗಳು ಬೇರೆಬೇರೆ ಮೂಲಗಳಿಂದ ಬಂದವು. ೧೯೩೬ರಲ್ಲಿ ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಚಳಿ, ಗಾಯ, ವಿಷ, ಅತಿಶ್ರಮ — ಯಾವುದೇ ಬಾಧೆ ಬಂದರೂ ದೇಹ ಒಂದೇ ಬಗೆಯ ಪ್ರತಿಕ್ರಿಯೆಯನ್ನು ತೋರುತ್ತದೆಂದು ಅವರು ಕಂಡರು. ಮೊದಲು ಎಚ್ಚರಿಕೆ, ಬಳಿಕ ಪ್ರತಿರೋಧ, ಬಾಧೆ ನಿಲ್ಲದಿದ್ದರೆ ಕೊನೆಗೆ ಬಳಲಿಕೆ. ಮುಂದೆ ಇದಕ್ಕೆ ಸ್ಟ್ರೆಸ್ ಎಂಬ ಹೆಸರು ನಿಂತಿತು. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಪ್ರತಿಕ್ರಿಯೆ ಎದುರಿಗಿರುವ ಬಾಧೆಗೆ ದೇಹ ಕೊಡುವ ಉತ್ತರ. ಅದು ಅಸ್ವಾಭಾವಿಕವಲ್ಲ, ಬದುಕಲು ಬೇಕಾದದ್ದೇ. ದೀರ್ಘಕಾಲ ಬಿಡುವಿಲ್ಲದೆ ಮುಂದುವರಿದಾಗ ಅದು ಆರೋಗ್ಯವನ್ನು ಕೆಡಿಸುವುದೂ ನಿಜ. ಆದ್ದರಿಂದ ನಿತ್ಯದ ಒತ್ತಡವನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ.

ಎರಡನೆಯ ಕಲ್ಪನೆಯ ಚರಿತ್ರೆ ಯುದ್ಧಭೂಮಿಗೆ ಸೇರಿದ್ದು. ೧೯೧೫ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಮೂವರು ಸೈನಿಕರ ವೃತ್ತಾಂತವನ್ನು ಬರೆದು, ‘ಶೆಲ್ ಷಾಕ್’ ಎಂಬ ಶಬ್ದವನ್ನು ವೈದ್ಯಸಾಹಿತ್ಯಕ್ಕೆ ತಂದರು. ಸಿಡಿಗುಂಡಿನ ಸ್ಫೋಟ ನರಗಳನ್ನು ಕದಲಿಸಿರಬೇಕೆಂಬುದು ಆರಂಭದ ಊಹೆ. ಆದರೆ ಸ್ಫೋಟದ ಬಳಿ ಎಂದೂ ನಿಲ್ಲದವರಲ್ಲಿಯೂ ಅದೇ ಲಕ್ಷಣಗಳು ಕಂಡುಬಂದಾಗ ಆ ಊಹೆ ಸಡಿಲವಾಯಿತು. ಬ್ರಿಟಿಷ್ ಸೈನ್ಯದಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಇಂಥ ರೋಗಿಗಳ ಸಂಖ್ಯೆ ಸುಮಾರು ೮೦,೦೦೦ಕ್ಕೆ ಏರಿತ್ತೆಂದು ಸಾಮಾನ್ಯವಾಗಿ ಹೇಳಲಾಗಿದೆ. ಹಲವು ಹೆಸರುಗಳನ್ನು ದಾಟಿ, ವಿಯಟ್ನಾಂ ಯುದ್ಧದಿಂದ ಮರಳಿದ ಸೈನಿಕರ ಅನುಭವದ ಬಳಿಕ, ೧೯೮೦ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ಇದಕ್ಕೆ ಇಂದಿನ ಹೆಸರನ್ನು ಕೊಟ್ಟಿತು. ೨೦೧೩ರ ಐದನೆಯ ಆವೃತ್ತಿಯಂತೆ ಲಕ್ಷಣಗಳು ನಾಲ್ಕು ಗುಂಪುಗಳಾಗಿವೆ: ಆದ ಘಟನೆ ಕರೆಯದೆಯೇ ಮತ್ತೆ ಮತ್ತೆ ನುಗ್ಗಿಬರುವುದು, ಅದನ್ನು ನೆನಪಿಗೆ ತರುವುದೆಲ್ಲವನ್ನೂ ತಪ್ಪಿಸಿಕೊಳ್ಳುವುದು, ಭಾವನೆ ಬತ್ತಿ ತನ್ನನ್ನೂ ಲೋಕವನ್ನೂ ಕುರಿತ ನಂಬಿಕೆ ಕೆಡುವುದು, ಸದಾ ಬೆಚ್ಚಿಬೀಳುವ ಎಚ್ಚರದಲ್ಲಿರುವುದು. ಇವು ಒಂದು ತಿಂಗಳಿಗೂ ಮೀರಿ ಉಳಿದು ಬಾಳನ್ನು ಕೆಡಿಸಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಒತ್ತಡವು ಎದುರಿಗಿರುವುದಕ್ಕೆ ಉತ್ತರ. ಇದು ಮುಗಿದುಹೋದುದಕ್ಕೆ ಮುಗಿಯದ ಉತ್ತರ.

೩

ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಕಾದಂಬರಿಗೆ ಬರೋಣ. ಬೆಳಗ್ಗೆ ಕ್ಲ್ಯಾರಿಸ ಬಾಂಡ್ ಸ್ಟ್ರೀಟಿನ ಹೂವಿನ ಅಂಗಡಿಯಲ್ಲಿ ಔತಣಕ್ಕೆ ಹೂ ಆರಿಸುತ್ತಿರುವಾಗ ಬೀದಿಯಲ್ಲಿ ಒಂದು ಸದ್ದು ಸಿಡಿಯುತ್ತದೆ. ಅವಳಿಗೆ ಅದು ಪಿಸ್ತೂಲಿನ ಸದ್ದೆಂದು ತೋರುತ್ತದೆ, ಅವಳು ಬೆಚ್ಚುತ್ತಾಳೆ. ಅಂಗಡಿಯವಳು ಕಿಟಕಿಯ ಬಳಿಗೆ ಹೋಗಿ ನೋಡಿ, ಮೋಟಾರುಗಾಡಿಯ ಸದ್ದೆಂದು ತಿಳಿದು, ಅದು ತನ್ನದೇ ತಪ್ಪೆಂಬಂತೆ ನಸುನಕ್ಕು ಹಿಂದಿರುಗುತ್ತಾಳೆ. ಅಲ್ಲಿಗೆ ಆ ಬೆಚ್ಚು ತೀರಿತು. ಅದೇ ಸದ್ದನ್ನು ಹೊರಗೆ ಬೀದಿಯಲ್ಲಿ ಸೆಪ್ಟಿಮಸನೂ ಕೇಳುತ್ತಾನೆ. ಸದ್ದು ನಿಂತರೂ ಅವನಿಗೆ ಅದು ನಿಲ್ಲುವುದಿಲ್ಲ. ಜನ ಗುಂಪುಗೂಡಿ ಗಾಡಿಯ ಒಳಗಿರುವ ಗಣ್ಯರು ಯಾರೆಂದು ಕುತೂಹಲಪಡುತ್ತಿದ್ದರೆ, ಅವನಿಗೆ ಭೀಕರವಾದದ್ದೇನೋ ಮೇಲೆದ್ದು ಇನ್ನೇನು ಜ್ವಾಲೆಯಾಗುವಂತೆ ತೋರುತ್ತದೆ. ದಾರಿಗೆ ಅಡ್ಡವಾಗಿ ನಿಂತಿರುವವನು ತಾನೇ, ಎಲ್ಲರೂ ನೋಡುತ್ತಿರುವುದು ತನ್ನನ್ನೇ, ಎನ್ನಿಸುತ್ತದೆ.

ಸದ್ದು ಒಂದೇ, ಕ್ಷಣ ಒಂದೇ, ಬೀದಿ ಒಂದೇ. ಬೆಚ್ಚಿದವರೂ ಇಬ್ಬರೇ. ಆದುದರಿಂದ ಬೆಚ್ಚುವುದರಲ್ಲಿ ಭೇದವಿಲ್ಲ. ಬೆಚ್ಚಿದ ಬಳಿಕ ಏನಾಗುತ್ತದೆಂಬುದರಲ್ಲಿ ಭೇದವಿದೆ. ಕ್ಲ್ಯಾರಿಸಳಿಗೆ ಕಾರಣ ತಿಳಿದೊಡನೆ ದೇಹ ಸಮಾಧಾನಗೊಳ್ಳುತ್ತದೆ. ಸೆಪ್ಟಿಮಸನ ದೇಹಕ್ಕೆ ಆ ಕಾರಣ ಸಾಲದು. ಆ ಸದ್ದು ಅವನನ್ನು ಲಂಡನ್ನಿನ ಬೀದಿಯಲ್ಲಿ ನಿಲ್ಲಗೊಡದೆ ಬೇರೊಂದು ಕಾಲಕ್ಕೆ ಸೇರಿಸುತ್ತದೆ. ಪ್ರಯೋಗಶಾಲೆಯಲ್ಲಿ ಎರಡು ಪಾತ್ರೆಗಳಿಗೆ ಒಂದೇ ದ್ರವವನ್ನು ಹಾಕಿ ನೋಡುವ ರೀತಿಯಲ್ಲಿ ಲೇಖಕಿ ಇಲ್ಲಿ ಎರಡು ಮನಸ್ಸುಗಳಿಗೆ ಒಂದೇ ಸದ್ದನ್ನು ಕೇಳಿಸಿದ್ದಾರೆ. ಸ್ವಲ್ಪ ಹೊತ್ತಿನ ಮೇಲೆ ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ಜಾಹೀರಾತಿನ ಅಕ್ಷರಗಳನ್ನು ಬರೆಯುವ ಪ್ರಸಂಗದಲ್ಲಿಯೂ ಇದೇ ಕ್ರಮ: ಉಳಿದವರು ಅದು ಯಾವ ಸರಕಿನ ಹೆಸರೆಂದು ಊಹಿಸುತ್ತಿರುವಾಗ, ಅವನು ತನಗೆ ಬಂದ ಸಂಕೇತವೆಂದು ತಿಳಿದು ಕಣ್ಣೀರಿಡುತ್ತಾನೆ.

ಕ್ಲ್ಯಾರಿಸಳ ದಿನದಲ್ಲಿ ಒತ್ತಡಗಳಿಗೆ ಕೊರತೆಯಿಲ್ಲ. ಲೇಡಿ ಬ್ರೂಟನ್ ತನ್ನನ್ನು ಬಿಟ್ಟು ಗಂಡನೊಬ್ಬನನ್ನೇ ಊಟಕ್ಕೆ ಕರೆದಳೆಂಬ ಕೊರಗು. ಮಗಳು ಎಲಿಜಬೆತ್ ತನ್ನಿಂದ ದೂರವಾಗಿ ಮಿಸ್ ಕಿಲ್ಮನ್ ಎಂಬ ಶಿಕ್ಷಕಿಯ ವಶವಾಗುತ್ತಿದ್ದಾಳೆಂಬ ಅಸೂಯೆ. ಹಿಂದೆ ತಾನು ನಿರಾಕರಿಸಿದ ಪೀಟರ್ ವಾಲ್ಷ್ ಇಂಡಿಯಾದಿಂದ ಹಠಾತ್ತನೆ ಬಂದುದರ ತಳಮಳ. ರೋಗದಿಂದ ದುರ್ಬಲವಾದ ಹೃದಯ. ಮಧ್ಯಾಹ್ನ ಅವಳಿಗೆ ತಡೆಯಲಾರದ ದುಃಖ ಕವಿಯುತ್ತದೆ. ಆಗ ಅವಳೇನು ಮಾಡುತ್ತಾಳೆ? ಹುಲ್ಲಿನಲ್ಲಿ ಬಿದ್ದ ಮುತ್ತನ್ನು ಹುಡುಕುವವರಂತೆ ದುಃಖದ ಕಾರಣವನ್ನು ಹುಡುಕುತ್ತಾಳೆ, ಹುಡುಕಿ ಕಂಡುಕೊಳ್ಳುತ್ತಾಳೆ: ತನ್ನ ಔತಣಗಳ ವಿಚಾರದಲ್ಲಿ ಪೀಟರನೂ ಗಂಡನೂ ತನಗೆ ಅನ್ಯಾಯ ಮಾಡಿದ್ದಾರೆ. ಕಾರಣ ಕೈಗೆ ಸಿಕ್ಕಿದ ಮೇಲೆ ದುಃಖ ಹಗುರಾಗುತ್ತದೆ. ರಾತ್ರಿ ಔತಣ ಕೆಟ್ಟುಹೋಯಿತೆಂದು ಅವಳು ಸಂಕಟಪಡುತ್ತಿರುವಾಗ, ಗಾಳಿಗೆ ಉಬ್ಬಿದ ಪರದೆಯನ್ನು ಅತಿಥಿಯೊಬ್ಬನು ಕೈಯಿಂದ ಹಿಂದಕ್ಕೆ ತಳ್ಳಿ ತನ್ನ ಮಾತನ್ನು ಮುಂದುವರಿಸುತ್ತಾನೆ. ಜನ ಮೈಮರೆತು ಮಾತನಾಡುತ್ತಿದ್ದಾರೆ, ಔತಣ ಗೆದ್ದಿತೆಂದು ಅವಳಿಗೆ ಆ ಕ್ಷಣ ತಿಳಿಯುತ್ತದೆ. ಒತ್ತಡ ಅಲ್ಲಿಗೆ ಮುಗಿಯಿತು. ನಿತ್ಯದ ಒತ್ತಡದ ಸ್ವರೂಪವನ್ನು ಇದಕ್ಕಿಂತ ನಿಖರವಾಗಿ ಹೇಳುವುದು ಕಷ್ಟ. ಅದು ಮುಂದೆ ಬರಲಿರುವುದರತ್ತ ಮುಖ ಮಾಡಿರುತ್ತದೆ. ಅದಕ್ಕೆ ಹೆಸರಿಸಬಲ್ಲ ಕಾರಣವಿರುತ್ತದೆ. ಕಾರಣ ತೀರಿದರೆ ಅದೂ ತೀರುತ್ತದೆ.

ಕ್ಲ್ಯಾರಿಸಳಿಗೂ ಭೂತಕಾಲವುಂಟು. ಹದಿನೆಂಟರ ಹರೆಯದಲ್ಲಿ ಬೂರ್ಟನ್ನಿನ ಹಳ್ಳಿಮನೆಯಲ್ಲಿ ಕಳೆದ ದಿನಗಳು ಕಾದಂಬರಿಯ ಮೊದಲ ಪುಟದಲ್ಲಿಯೇ ಬಾಗಿಲ ತಿರುಗಣಿಯ ಕಿರುಗುಟ್ಟುವಿಕೆಯೊಂದಿಗೆ ಅವಳ ಬಳಿಗೆ ಬರುತ್ತವೆ. ಆದರೆ ಅವು ನೆನಪಾಗಿ ಬರುತ್ತವೆ. ಅಂದು ಅಂದೇ, ಇಂದು ಇಂದೇ ಎಂಬ ಅರಿವು ಅವಳನ್ನು ಎಂದೂ ಬಿಡುವುದಿಲ್ಲ. ಆ ಅಂತರವೇ ಅವಳ ನೆನಪುಗಳಿಗೆ ಸಿಹಿಯನ್ನೂ ನೋವನ್ನೂ ಕೊಡುತ್ತದೆ.

೪

ಸೆಪ್ಟಿಮಸನಲ್ಲಿ ಇಲ್ಲದಿರುವುದು ಈ ಅಂತರ. ಅವನು ಸ್ಟ್ರೌಡ್ ಎಂಬ ಊರಿನಿಂದ ಲಂಡನ್ನಿಗೆ ಬಂದು ಗುಮಾಸ್ತನಾಗಿದ್ದವನು. ಷೇಕ್ಸ್‌ಪಿಯರನ ಮೇಲಣ ಪ್ರೀತಿಯಿಂದ, ಇಂಗ್ಲೆಂಡನ್ನು ಉಳಿಸಬೇಕೆಂದು, ಮೊದಲ ಸಾಲಿನಲ್ಲಿಯೇ ಸೈನ್ಯಕ್ಕೆ ಸೇರಿದವನು. ಅಲ್ಲಿ ಎವನ್ಸ್ ಎಂಬ ಅಧಿಕಾರಿ ಅವನಿಗೆ ಆಪ್ತನಾದನು. ಕದನವಿರಾಮಕ್ಕೆ ಸ್ವಲ್ಪ ಮುಂಚೆ ಇಟಲಿಯಲ್ಲಿ ಎವನ್ಸ್ ಸತ್ತನು. ಆಗ ಸೆಪ್ಟಿಮಸನಿಗೆ ಏನೂ ಅನ್ನಿಸಲಿಲ್ಲ. ಹಾಗೆ ಅನ್ನಿಸದೆ ಇದ್ದುದಕ್ಕಾಗಿ ತನ್ನನ್ನು ತಾನೇ ಮೆಚ್ಚಿಕೊಂಡನು. ಯುದ್ಧ ತನಗೆ ಗಂಡಸುತನವನ್ನು ಕಲಿಸಿತೆಂದು ತಿಳಿದನು. ಕದನವಿರಾಮವಾದ ಮೇಲೆ, ಮಿಲಾನ್ ನಗರದಲ್ಲಿ ತಂಗಿದ್ದ ಮನೆಯಲ್ಲಿ, ಒಂದು ಸಂಜೆ ತನಗೆ ಏನನ್ನೂ ಅನುಭವಿಸುವ ಶಕ್ತಿಯಿಲ್ಲವೆಂದು ಹೊಳೆದು ದಿಗಿಲು ಹುಟ್ಟಿತು. ಆ ದಿಗಿಲಿನಲ್ಲಿಯೇ ಟೋಪಿ ಹೊಲಿಯುವ ಹುಡುಗಿ ಲುಕ್ರೇಜಿಯಳನ್ನು ಮದುವೆಯಾಗಲು ನಿಶ್ಚಯಿಸಿದನು.

ಗಾಯ ಇಲ್ಲಿ ಮೊದಲು ಕಾಣಿಸಿಕೊಂಡುದು ನೋವಾಗಿ ಅಲ್ಲ, ನೋವಿನ ಅಭಾವವಾಗಿ. ಅದಕ್ಕಿಂತ ವಿಚಾರಣೀಯವಾದ ಅಂಶವೆಂದರೆ ಸಮಾಜ ಆ ಅಭಾವವನ್ನು ಸದ್ಗುಣವೆಂದು ಪುರಸ್ಕರಿಸಿದುದು. ಸೈನ್ಯದಲ್ಲಿ ಅವನಿಗೆ ಬಡ್ತಿ ದೊರೆಯಿತು. ಹಿಂದಿರುಗಿದ ಮೇಲೆ ಕಚೇರಿಯಲ್ಲಿ ಇನ್ನೂ ದೊಡ್ಡ ಹೊಣೆಯ ಹುದ್ದೆ ಸಿಕ್ಕಿತು. ಇದು ಅವನೊಬ್ಬನಿಗೆ ಸೀಮಿತವಾದ ಆದರ್ಶವಲ್ಲ. ಕಾದಂಬರಿಯ ಆರಂಭದಲ್ಲಿಯೇ ಲೇಡಿ ಬೆಕ್ಸ್‌ಬರೊ ಎಂಬಾಕೆಯ ಪ್ರಸ್ತಾಪ ಬರುತ್ತದೆ. ಪ್ರೀತಿಯ ಮಗ ಯುದ್ಧದಲ್ಲಿ ಮಡಿದನೆಂಬ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಆಕೆ ಧರ್ಮಾರ್ಥ ಸಂತೆಯೊಂದನ್ನು ಉದ್ಘಾಟಿಸಿದಳಂತೆ. ಕ್ಲ್ಯಾರಿಸಳಿಗೆ ಎಲ್ಲರಿಗಿಂತ ಹೆಚ್ಚು ಮೆಚ್ಚುಗೆ ಅವಳ ಮೇಲೆಯೇ. ಮೇಲ್ವರ್ಗದ ಆ ಸ್ಥೈರ್ಯವನ್ನೂ ಗುಮಾಸ್ತನ ಆ ನಿರ್ಭಾವವನ್ನೂ ಓದುಗರು ತಾವೇ ಜೋಡಿಸಿ ನೋಡಲೆಂದು ಲೇಖಕಿ ಎರಡನ್ನೂ ದೂರದೂರದಲ್ಲಿ ಇರಿಸಿದ್ದಾರೆ. ಒಂದು ಸಮಾಜ ಯಾವುದನ್ನು ಮೆಚ್ಚಿತೋ ಅದರಿಂದಲೇ ಒಬ್ಬನು ಕೆಟ್ಟನು.

ಅದೇ ಸಂದರ್ಭದಲ್ಲಿ ಕ್ಲ್ಯಾರಿಸ ಯುದ್ಧ ಮುಗಿಯಿತು, ದೇವರ ದಯೆ, ಎಂದುಕೊಳ್ಳುತ್ತಾಳೆ. ಪಂಚಾಂಗದ ಲೆಕ್ಕದಲ್ಲಿ ಅದು ಸರಿ. ಆದರೆ ರೀಜೆಂಟ್ಸ್ ಪಾರ್ಕಿನ ಬೆಂಚಿನ ಮೇಲೆ ಕುಳಿತ ಸೆಪ್ಟಿಮಸನಿಗೆ, ಬೂದುಬಣ್ಣದ ಉಡುಪು ತೊಟ್ಟು ನಡೆದುಬರುತ್ತಿರುವವನೊಬ್ಬನು ಎವನ್ಸನಾಗಿಯೇ ಕಾಣುತ್ತಾನೆ. ಮೈಮೇಲೆ ಕೆಸರಿಲ್ಲ, ಗಾಯವಿಲ್ಲ. ವಸ್ತುತಃ ಹಾಗೆ ಬಂದವನು ಪೀಟರ್ ವಾಲ್ಷ್. ಇದು ನೆನಪಲ್ಲ. ನೆನಪಿಗೆ ‘ಆಗ’ ಎಂಬುದೊಂದು ಬೇಕು. ಇಲ್ಲಿ ಇರುವುದು ‘ಈಗ’ ಒಂದೇ. ಪೀಟರನಾದರೋ ಆ ದಂಪತಿಗಳನ್ನು ನೋಡಿ, ಪ್ರಾಯದವರು ಮರದ ಕೆಳಗೆ ಏನೋ ಜಗಳವಾಡಿಕೊಂಡಿದ್ದಾರೆಂದು ಭಾವಿಸಿ ಮುಂದೆ ಹೋಗುತ್ತಾನೆ. ಆಘಾತವನ್ನು ನಿತ್ಯದ ಒತ್ತಡವೆಂದು ಓದುವ ತಪ್ಪಿಗೆ ಇಡೀ ಕೃತಿಯಲ್ಲಿ ಇದಕ್ಕಿಂತ ಸೌಮ್ಯವಾದ, ಇದಕ್ಕಿಂತ ಮನ ಕಲಕುವ ನಿದರ್ಶನವಿಲ್ಲ. ಪೀಟರನಲ್ಲಿ ದುರುದ್ದೇಶವಿಲ್ಲ, ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ.

೫

ನೋಡಿ ಹೋಗುವವನು ತಪ್ಪಾಗಿ ಓದಿದರೆ ಕ್ಷಮ್ಯ. ವೈದ್ಯನು ತಪ್ಪಾಗಿ ಓದಿದರೆ ಪ್ರಾಣಕ್ಕೆ ಕುತ್ತು. ಕಾದಂಬರಿಯಲ್ಲಿ ಇಬ್ಬರು ವೈದ್ಯರಿದ್ದಾರೆ. ಟೀಕಾಕಾರರು ಅವರನ್ನು ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಖಂಡಿಸುವುದುಂಟು. ಆದರೆ ಅವರ ತಪ್ಪುಗಳು ಎರಡು ಬೇರೆ ತಪ್ಪುಗಳು. ಡಾಕ್ಟರ್ ಹೋಮ್ಸ್‌ನ ದೃಷ್ಟಿಯಲ್ಲಿ ಸೆಪ್ಟಿಮಸನಿಗೆ ಏನೂ ಆಗಿಲ್ಲ. ತನ್ನನ್ನು ಕುರಿತೇ ಚಿಂತಿಸುವುದನ್ನು ಬಿಟ್ಟು ಹೊರಗಿನ ಸಂಗತಿಗಳಲ್ಲಿ ಆಸಕ್ತಿ ತಳೆಯಬೇಕು, ಹವ್ಯಾಸವೊಂದನ್ನು ಹಿಡಿಯಬೇಕು, ಗಂಡನ ಗಮನವನ್ನು ಅತ್ತ ಸೆಳೆಯುವುದು ಹೆಂಡತಿಯ ಕೆಲಸ. ನಿತ್ಯದ ಒತ್ತಡಕ್ಕೆ ಈ ಸಲಹೆ ಕೆಟ್ಟದ್ದೇನೂ ಅಲ್ಲ. ಬಳಲಿದ ಗುಮಾಸ್ತನೊಬ್ಬನಿಗೆ ಅದರಿಂದ ಗುಣವಾಗಲೂಬಹುದು. ಒಂದು ಜಾತಿಯ ನೋವಿನ ಮದ್ದನ್ನು ಇನ್ನೊಂದು ಜಾತಿಯ ನೋವಿಗೆ ಕೊಟ್ಟುದು ಅವನ ತಪ್ಪು. ಹಾರ್ಲೆ ಸ್ಟ್ರೀಟಿನ ತಜ್ಞ ಸರ್ ವಿಲಿಯಂ ಬ್ರ್ಯಾಡ್‌ಷಾ ಹಾಗಲ್ಲ. ವ್ಯಾಧಿ ಗುರುತರವೆಂದು ಎರಡು ಮೂರು ನಿಮಿಷಗಳಲ್ಲಿಯೇ ತಿಳಿದುಕೊಳ್ಳುತ್ತಾನೆ. ಆದರೆ ಅದರ ಮೂಲವನ್ನು ವಿಚಾರಿಸುವುದಿಲ್ಲ. ರೋಗಿಯಲ್ಲಿ ಪ್ರಮಾಣಬುದ್ಧಿ ತಪ್ಪಿದೆಯೆನ್ನುತ್ತಾನೆ. ಹೆಂಡತಿಯಿಂದ ಬೇರ್ಪಡಿಸಿ, ಗ್ರಾಮಾಂತರದ ತನ್ನ ಆರೋಗ್ಯಗೃಹವೊಂದರಲ್ಲಿ ಏಕಾಂತದ ಶಯ್ಯಾವಿಶ್ರಾಂತಿಯನ್ನು ವಿಧಿಸುತ್ತಾನೆ. ಯುದ್ಧದಲ್ಲಿ ಕೀರ್ತಿ ಪಡೆದವನಲ್ಲವೇ ಎಂದು ಕೇಳಿದಾಗ, ಯಾವ ಯುದ್ಧವೆಂಬಂತೆ ರೋಗಿ ತಡವರಿಸುತ್ತಾನೆ. ಮೂಲಕಾರಣವೇ ಅವನ ಮಾತಿಗೆ ಸಿಕ್ಕುತ್ತಿಲ್ಲ. ಹುಲ್ಲಿನಲ್ಲಿ ಮುತ್ತನ್ನು ಹುಡುಕಿದ ಕ್ಲ್ಯಾರಿಸಳನ್ನು ಇಲ್ಲಿ ನೆನೆಯಬೇಕು. ಅವಳು ಹುಡುಕಬಲ್ಲಳು; ಅವನಿಗೆ ಹುಡುಕಿಕೊಡುವವರು ಬೇಕಾಗಿತ್ತು.

ಅಂದಿನ ವೈದ್ಯರಿಗೆ ಇದಕ್ಕಿಂತ ಹೆಚ್ಚು ತಿಳಿದಿರಲಿಲ್ಲವೆಂದು ಸಮರ್ಥಿಸುವವರಿಗೆ ಇತಿಹಾಸದ ಉತ್ತರವಿದೆ. ಎಡಿನ್‌ಬರೊದ ಕ್ರೇಗ್‌ಲಾಕ್‌ಹಾರ್ಟ್ ಯುದ್ಧ ಆಸ್ಪತ್ರೆಯಲ್ಲಿ ಸೈನ್ಯಾಧಿಕಾರಿಗಳಿಗೆ ಚಿಕಿತ್ಸೆ ಮಾಡಿದ ಡಬ್ಲ್ಯು. ಎಚ್. ಆರ್. ರಿವರ್ಸ್ ಅವರು ೧೯೧೭ರ ಡಿಸೆಂಬರಿನಲ್ಲಿ ಓದಿದ ಪ್ರಬಂಧವೊಂದರಲ್ಲಿ, ಯುದ್ಧದ ಅನುಭವವನ್ನು ಮರೆತುಬಿಡಿರೆಂದು ರೋಗಿಗಳಿಗೆ ಹೇಳುವುದು ಹಾನಿಕರವೆಂದೂ, ಅದನ್ನು ಎದುರಿಸಿ ಮಾತಿಗೆ ತರಲು ನೆರವಾಗುವುದೇ ಮೇಲೆಂದೂ ವಾದಿಸಿದರು. ೧೯೧೮ರ ಆರಂಭದಲ್ಲಿ ಆ ಪ್ರಬಂಧ ‘ಲ್ಯಾನ್ಸೆಟ್’ನಲ್ಲಿ ಅಚ್ಚಾಯಿತು. ಇಂದಿನ ಚಿಕಿತ್ಸಾಕ್ರಮಗಳಲ್ಲಿ ಮುಖ್ಯವೆನಿಸಿದವುಗಳು, ಸುರಕ್ಷಿತವಾದ ವಾತಾವರಣದಲ್ಲಿ, ತಜ್ಞರ ನೆರವಿನಿಂದ, ಆ ಅನುಭವವನ್ನೇ ಕ್ರಮವಾಗಿ ಎದುರಿಸುವ ವಿಧಾನಗಳು. ಅವುಗಳ ಬೀಜ ಅಲ್ಲಿ ಕಾಣುತ್ತದೆ. ಆದರೆ ಅಧಿಕೃತ ಧೋರಣೆ ಬೇರೆಯಾಗಿತ್ತು. ಸೌತ್‌ಬರೊ ಪ್ರಭುವಿನ ಅಧ್ಯಕ್ಷತೆಯ ವಿಚಾರಣಾ ಸಮಿತಿ ೧೯೨೨ರಲ್ಲಿ ಸಲ್ಲಿಸಿದ ವರದಿ ‘ಶೆಲ್ ಷಾಕ್’ ಎಂಬ ಶಬ್ದವನ್ನೇ ಕೈಬಿಡಬೇಕೆಂದು ಶಿಫಾರಸು ಮಾಡಿ, ಸೈನಿಕರ ಶಿಸ್ತು ಮತ್ತು ಮನೋಬಲಗಳ ಕಡೆಗೆ ಒತ್ತುಕೊಟ್ಟಿತು. ಯುದ್ಧಕಾಲದಲ್ಲಿ ಹೇಡಿತನ, ಪಲಾಯನ ಮೊದಲಾದ ಅಪರಾಧಗಳಿಗಾಗಿ ಮರಣದಂಡನೆಗೆ ಗುರಿಯಾದ ಬ್ರಿಟಿಷ್ ಹಾಗೂ ಸಾಮ್ರಾಜ್ಯದ ೩೦೬ ಸೈನಿಕರಿಗೆ ಬ್ರಿಟಿಷ್ ಸರ್ಕಾರ ಕ್ಷಮಾದಾನವಿತ್ತುದು ೨೦೦೬ರಲ್ಲಿ. ಅವರಲ್ಲಿ ಕೆಲವರಾದರೂ ಈ ವ್ಯಾಧಿಯಿಂದ ನರಳಿದವರು. ಹೆಸರಿನ ಪ್ರಶ್ನೆ ಬರಿಯ ನಿಘಂಟಿನ ಪ್ರಶ್ನೆಯಲ್ಲ. ಗಾಯವೆಂದು ಹೆಸರಾದರೆ ಆಸ್ಪತ್ರೆ, ದೌರ್ಬಲ್ಯವೆಂದು ಹೆಸರಾದರೆ ದಂಡನೆ.

ಈ ಹಿನ್ನೆಲೆಯಲ್ಲಿ, ಸಾವಿಗೆ ಮುಂಚಿನ ಒಂದು ಘಳಿಗೆಯನ್ನು ಗಮನಿಸಬೇಕು. ರೇಜಿಯ ಮನೆಯಲ್ಲಿ ಕುಳಿತು ಪರಿಚಿತಳೊಬ್ಬಳಿಗೆ ಟೋಪಿ ಮಾಡುತ್ತಿದ್ದಾಳೆ. ಸೆಪ್ಟಿಮಸನು ಕೋಣೆಯ ವಸ್ತುಗಳನ್ನು ಒಂದೊಂದಾಗಿ, ಎಚ್ಚರದಿಂದ ನೋಡುತ್ತಾನೆ. ಅವು ಅಲುಗದೆ ತಮ್ಮ ಜಾಗದಲ್ಲಿಯೇ ಇವೆ. ಟೋಪಿಯನ್ನು ಕಂಡು ಹಾಸ್ಯಮಾಡುತ್ತಾನೆ. ಬಣ್ಣದ ಪಟ್ಟಿಗಳನ್ನೂ ಹೂಗಳನ್ನೂ ತಾನೇ ಜೋಡಿಸಿಕೊಡುತ್ತಾನೆ. ಹೆಂಡತಿ ಅದನ್ನು ಹೊಲಿಯುತ್ತಾಳೆ. ಎಷ್ಟೋ ದಿನಗಳ ಬಳಿಕ ಇಬ್ಬರೂ ಕೂಡಿ ನಗುತ್ತಾರೆ. ಕಾಲ ಅವನಿಗೆ ಒಂದು ಗಳಿಗೆ ತನ್ನ ಜಾಗಕ್ಕೆ ಮರಳಿತ್ತು. ಅಷ್ಟರಲ್ಲಿ ಹೋಮ್ಸ್ ಮೆಟ್ಟಿಲೇರಿ ಬರುತ್ತಾನೆ. ರೇಜಿಯ ಅಡ್ಡ ನಿಂತರೂ ಅವಳನ್ನು ಸರಿಸಿ ಮುಂದೆ ಬರುತ್ತಾನೆ. ಬಿಡುಗಡೆಯ ದಾರಿ ಕಿಟಕಿಯೊಂದೇ ಎಂದು ಸೆಪ್ಟಿಮಸನಿಗೆ ತೋರುತ್ತದೆ. ಪ್ರೀತಿಯ ಸಾಮೀಪ್ಯದಲ್ಲಿ ಚೇತರಿಸಿಕೊಳ್ಳಬಲ್ಲವನನ್ನು ಬಲಾತ್ಕಾರದ ಭೀತಿ ಕೊಂದಿತೆಂಬುದು ಈ ಪ್ರಕರಣದ ತಾತ್ಪರ್ಯ.

೬

ನಮ್ಮ ವಾದಕ್ಕೆ ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ಸೆಪ್ಟಿಮಸನು ಕ್ಲ್ಯಾರಿಸಳ ಪ್ರತಿರೂಪವೆಂದು ಸ್ವತಃ ವುಲ್ಫ್ ಅವರೇ ೧೯೨೮ರ ಅಮೆರಿಕನ್ ಮುದ್ರಣದ ಪೀಠಿಕೆಯಲ್ಲಿ ಹೇಳಿರುವಾಗ, ಇಬ್ಬರನ್ನೂ ಬೇರೆ ಜಾತಿಯ ನೋವುಗಳಿಗೆ ಸೇರಿಸುವುದು ಹೇಗೆ? ಪ್ರತಿರೂಪವೆಂದರೆ ಸಮಾನತೆಯಲ್ಲವೆಂಬುದೇ ಇದಕ್ಕೆ ಸಮಾಧಾನ. ೧೯೨೨ರ ಅಕ್ಟೋಬರಿನ ದಿನಚರಿಯಲ್ಲಿ ಆಕೆ, ಸ್ವಸ್ಥರು ಕಾಣುವ ಲೋಕವನ್ನೂ ಅಸ್ವಸ್ಥರು ಕಾಣುವ ಲೋಕವನ್ನೂ ಅಕ್ಕಪಕ್ಕದಲ್ಲಿಡುವ ಉದ್ದೇಶವನ್ನು ನಮೂದಿಸಿದ್ದಾರೆ. ಎರಡು ವಸ್ತುಗಳನ್ನು ಅಕ್ಕಪಕ್ಕದಲ್ಲಿ ಇಡುವುದು ಅವು ಒಂದೇ ಎಂದು ಹೇಳುವುದಕ್ಕೂ ಆಗಬಹುದು, ಎಲ್ಲಿ ಬೇರೆಯಾಗುತ್ತವೆಂದು ಕಾಣುವುದಕ್ಕೂ ಆಗಬಹುದು. ಹೂವಿನ ಅಂಗಡಿಯ ಪ್ರಸಂಗದಲ್ಲಿ ಆಗಿರುವುದು ಎರಡನೆಯದು.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಕ್ಲ್ಯಾರಿಸಳೂ ದಾರುಣವಾದ ದೃಶ್ಯವನ್ನು ಕಂಡವಳೇ. ಅವಳ ತಂಗಿ ಸಿಲ್ವಿಯ ಮರ ಬಿದ್ದು ಅವಳ ಕಣ್ಣೆದುರಿಗೇ ಸತ್ತಳೆಂದು ಪೀಟರನು ನೆನೆಯುತ್ತಾನೆ. ಆಘಾತ ಅವಳಿಗೂ ಆಗಿದೆಯಲ್ಲವೆ? ಆಗಿದೆ. ಆದರೆ ಅವಳಲ್ಲಿ ಆ ಮರಣ ಒಂದು ಜೀವನದೃಷ್ಟಿಯಾಗಿ ಪರಿಣಮಿಸಿತು: ದೇವತೆಗಳಿಲ್ಲ, ಮನುಷ್ಯರು ಒಬ್ಬರ ನೋವನ್ನು ಇನ್ನೊಬ್ಬರು ಕಡಿಮೆ ಮಾಡಬೇಕು, ಸಭ್ಯವಾಗಿ ಬದುಕಬೇಕು. ಪ್ರಪಂಚದ ಜನರಲ್ಲಿ ನೂರಕ್ಕೆ ಸುಮಾರು ೭೦ ಮಂದಿ ಬಾಳಿನಲ್ಲಿ ಒಮ್ಮೆಯಾದರೂ ಆಘಾತಕರವಾದ ಘಟನೆಗೆ ಒಳಗಾಗುತ್ತಾರೆಂದೂ, ಅವರಲ್ಲಿ ಸ್ವಲ್ಪ ಜನ ಮಾತ್ರ ಈ ವ್ಯಾಧಿಗೆ ತುತ್ತಾಗುತ್ತಾರೆಂದೂ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದ್ದರಿಂದ ಘಟನೆಯ ಘೋರತೆಯೊಂದರಿಂದಲೇ ಭೇದವನ್ನು ನಿರ್ಣಯಿಸಲಾಗದು. ವ್ಯಕ್ತಿಯ ದೌರ್ಬಲ್ಯವೆಂದು ಹೇಳುವುದಂತೂ ಸಲ್ಲದು. ಆಘಾತ ಎಷ್ಟು ಕಾಲ, ಎಷ್ಟು ಬಾರಿ ಬಡಿಯಿತು, ಬಳಿಕ ದುಃಖಿಸಲು ಅವಕಾಶವೂ ಆಸರೆಯೂ ದೊರೆತುವೇ ಎಂಬುದೂ ಮುಖ್ಯ. ಸಿಲ್ವಿಯಳಿಗಾಗಿ ಮನೆಮಂದಿ ಅಳಬಹುದಾಗಿತ್ತು. ಎವನ್ಸನಿಗಾಗಿ ಸೆಪ್ಟಿಮಸನು ಅಳುವಂತಿರಲಿಲ್ಲ.

ಹಾಗೆಂದು ಕೃತಿಯಲ್ಲಿ ಕೊರತೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಸೆಪ್ಟಿಮಸನಿಗೆ ಗುಬ್ಬಚ್ಚಿಗಳು ಗ್ರೀಕ್ ಭಾಷೆಯಲ್ಲಿ ಹಾಡುವುದು ಕೇಳುತ್ತದೆ. ಮರಗಳು ಅವನಿಗ��� ಲೋಕರಹಸ್ಯವನ್ನು ಸೂಚಿಸುತ್ತವೆ. ಇವು ಯುದ್ಧದ ಗಾಯದ ಲಕ್ಷಣಗಳಿಗಿಂತ ೧೯೦೪ರಲ್ಲಿ ತಂದೆಯ ಮರಣಾನಂತರ ಸ್ವತಃ ಲೇಖಕಿಗೆ ಉಂಟಾದ ಮನೋವ್ಯಾಧಿಯ ಅನುಭವಕ್ಕೆ ಹತ್ತಿರವಾದವು. ಎರಡು ಬೇರೆಬೇರೆ ಯಾತನೆಗಳು ಒಂದೇ ಪಾತ್ರದಲ್ಲಿ ಬೆರೆತಿರುವುದರಿಂದ ಈ ಕಾದಂಬರಿಯನ್ನು ರೋಗಪತ್ರವಾಗಿ ಓದುವುದು ಸಾಧುವಲ್ಲ. ಇನ್ನೊಂದು ಕೊರತೆ ಅಂತ್ಯಕ್ಕೆ ಸಂಬಂಧಿಸಿದ್ದು. ಸಾವಿನ ಸುದ್ದಿ ಕೇಳಿದ ಕ್ಲ್ಯಾರಿಸ ಒಂದು ಕೋಣೆಗೆ ಹೋಗಿ, ಕಾಣದ ಆ ಯುವಕನೊಂದಿಗೆ ತಾದಾತ್ಮ್ಯ ಹೊಂದಿ, ಅವನು ಹಾಗೆ ಮಾಡಿದನೆಂದು ಸಂತೋಷವನ್ನೂ ಪಡುತ್ತಾಳೆ. ಈ ಭಾಗದ ಸೌಂದರ್ಯವನ್ನು ಎಲ್ಲರೂ ಹೊಗಳಿದ್ದಾರೆ. ಆದರೆ ಅವನ ಸಾವನ್ನು ಅವಳು ಒಂದು ಸ್ವತಂತ್ರ ಕೃತ್ಯವಾಗಿ, ಸಂದೇಶವಾಗಿ ಪರಿವರ್ತಿಸಿಕೊಳ್ಳುತ್ತಾಳೆಂಬುದು ನಿಜ. ಓದುಗರಿಗೆ ತಿಳಿದಿರುವ ರೇಜಿಯಳ ಟೋಪಿ, ಹೋಮ್ಸ್‌ನ ಹೆಜ್ಜೆಯ ಸದ್ದು, ಎವನ್ಸನ ಹೆಸರು — ಇವಾವುವೂ ಅವಳಿಗೆ ತಿಳಿಯವು. ಕಾದಂಬರಿ ತಾನೇ ಎಚ್ಚರಿಕೆಯಿಂದ ಕಾಪಾಡಿಕೊಂಡು ಬಂದ ಭೇದ ಇಲ್ಲಿ ಅಳಿಸಿಹೋಗುವ ಅಪಾಯಕ್ಕೆ ಬರುತ್ತದೆ. ಆದರೂ ಕಥೆಯ ನಡೆ ಅವಳ ತಾದಾತ್ಮ್ಯವನ್ನು ತಿದ್ದುತ್ತದೆ. ಅವಳು ಕೋಣೆಯಿಂದ ಹೊರಬಂದು ಅತಿಥಿಗಳ ನಡುವೆ ನಿಲ್ಲುತ್ತಾಳೆ, ಅವನು ಹಿಂದಿರುಗುವುದಿಲ್ಲ. ಅತ್ತ ಸರ್ ವಿಲಿಯಂ, ಯುದ್ಧಾಘಾತದ ವಿಳಂಬಿತ ಪರಿಣಾಮಗಳಿಗೆ ಮಸೂದೆಯಲ್ಲಿ ಅವಕಾಶವಿರಬೇಕೆಂದು ಅವಳ ಗಂಡನೊಡನೆ ಚರ್ಚಿಸುತ್ತಿರುತ್ತಾನೆ. ಮನುಷ್ಯನೊಬ್ಬನು ಸತ್ತ ಮೇಲೆ ಅವನ ಗಾಯಕ್ಕೆ ಹೆಸರು ದೊರೆಯಿತು.

೭

ಇತಿಹಾಸದ ವಿದ್ಯಾರ್ಥಿಗಳಿಗೆ ಈ ಕಾದಂಬರಿ ಕಲಿಸುವ ಪಾಠ ನಮ್ಮ ಶಾಸ್ತ್ರದ ಬುಡವನ್ನೇ ಮುಟ್ಟುವಂಥದು. ೧೯೧೮ರ ನವೆಂಬರ್ ೧೧ರಂದು ಯುದ್ಧ ಮುಗಿಯಿತೆಂದು ನಾವು ಬರೆಸುತ್ತೇವೆ. ಉತ್ತರಪತ್ರಿಕೆಯಲ್ಲಿ ಅದಕ್ಕೆ ಅಂಕ ಕೊಡುತ್ತೇವೆ. ಭೂತಕಾಲವೆಂದರೆ ಕಳೆದುಹೋದುದೆಂಬುದು ನಮ್ಮ ವೃತ್ತಿಯ ಮೂಲ ನಂಬಿಕೆ. ಆ ನಂಬಿಕೆ ಎಲ್ಲರ ವಿಷಯದಲ್ಲಿಯೂ ನಿಲ್ಲುವುದಿಲ್ಲ. ಕೆಲವರಿಗೆ ಕಳೆದುದು ಕಳೆದಿರುವುದಿಲ್ಲ. ಅವರ ಪಾಲಿಗೆ ಸಂಧಿಪತ್ರಕ್ಕೆ ಸಹಿ ಬಿದ್ದಿರುವುದಿಲ್ಲ.

ಕಾಲೇಜಿನ ಅಧ್ಯಾಪಕರಾದ ನಮಗೆ ಇದರಿಂದ ವ್ಯವಹಾರದಲ್ಲಿಯೂ ಒಂದು ವಿವೇಕ ದೊರೆಯುತ್ತದೆ. ಪರೀಕ್ಷೆಯ ಭಯಕ್ಕೆಲ್ಲ ಟ್ರಾಮಾ ಎಂಬ ಹೆಸರನ್ನು ಕೊಟ್ಟರೆ ಎರಡು ಕೆಡಕುಗಳಾಗುತ್ತವೆ. ತೀರಬಲ್ಲ ಕಳವಳವನ್ನು ತೀರದ ಗಾಯವೆಂದು ಹೆಸರಿಸಿದಂತಾಗಿ ವಿದ್ಯಾರ್ಥಿಯ ಧೈರ್ಯ ಕುಂದುತ್ತದೆ. ನಿಜವಾಗಿ ಗಾಯಗೊಂಡವನ ಮಾತು ಹತ್ತರಲ್ಲಿ ಹನ್ನೊಂದಾಗಿ ಬೆಲೆ ಕಳೆದುಕೊಳ್ಳುತ್ತದೆ. ಅಪಘಾತ, ಹಿಂಸೆ, ಅತ್ಯಾಚಾರ, ಪ್ರವಾಹ ಮೊದಲಾದವುಗಳಿಂದ ಪಾರಾಗಿ ಬಂದ ತರುಣ ತರುಣಿಯರು ನಮ್ಮ ಬೆಂಚುಗಳ ಮೇಲೆಯೂ ಕುಳಿತಿರುತ್ತಾರೆ. ಎಲ್ಲರಿಗೂ ಪರೀಕ್ಷೆ ಇದೆಯಲ್ಲ, ಧೈರ್ಯ ತಂದುಕೋ, ಎಂಬ ನಮ್ಮ ಸದುದ್ದೇಶದ ಮಾತು ಅವರಿಗೆ ಹೋಮ್ಸ್‌ನ ಮಾತಾಗಿ ಕೇಳಿಸೀತು. ಕಾರಣ ಹುಡುಕಿಕೊಳ್ಳಬಲ್ಲವರಿಗೆ ಬಿಡುವೂ ಸಾಂತ್ವನವೂ ಸಾಕು. ಕಾರಣವೇ ಮಾತಿಗೆ ಸಿಕ್ಕದವರಿಗೆ ಅವಸರಪಡಿಸದೆ ಕೇಳುವ ಕಿವಿ ಬೇಕು, ತಜ್ಞರ ನೆರವು ಬೇಕು, ಆಪ್ತರ ಸಾಮೀಪ್ಯ ಬೇಕು. ಇವೆರಡನ್ನೂ ಬೇರ್ಪಡಿಸಿ ನೋಡುವ ಕಣ್ಣನ್ನು ವೈದ್ಯಗ್ರಂಥ ಕೊಡುವಷ್ಟೇ ಸಮರ್ಥವಾಗಿ ಈ ಕಾದಂಬರಿಯೂ ಕೊಡುತ್ತದೆ. ಅದನ್ನು ತಂತ್ರದ ನಿದರ್ಶನವಾಗಿ ಮಾತ್ರ ಓದಿಸಿ ಮುಗಿಸಿದರೆ, ಉದ್ಯಾನದಲ್ಲಿ ಆ ದಂಪತಿಗಳನ್ನು ದಾಟಿಹೋದ ಪೀಟರ್ ವಾಲ್ಷ್‌ನಂತೆ ನಾವೂ ಅದನ್ನು ದಾಟಿಹೋದಂತಾಗುತ್ತದೆ.